ಕಾಂಡ್ಲಾ ವನವೂ ನಮ್ಮ ಮೀನುಗಾರಿಕೆಯೂ

ಜೂನ್ ತಿಂಗಳ ಮೊದಲ ವಾರದಲ್ಲಿ ನಮ್ಮ ಶಾಲೆಯ ಬಾಗಿಲು ತೆರೆಯುವುದಕ್ಕೂ ಧಕ್ಕೆಯಲ್ಲಿ ಯಂತ್ರದ ದೋಣಿಗಳು ಸಾಲಾಗಿ ಕಟ್ಟಿ ನಿಲ್ಲುವುದಕ್ಕೂ ಸರಿಹೋಗುತ್ತದೆ. ಆ ತಿಂಗಳ ಒಂದನೆಯ ತಾರೀಕಿನಿಂದ ಜುಲೈ ಕೊನೆಯವರೆಗೆ, ಒಟ್ಟು ೬೧ ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂಬುದು ಸರಕಾರದ ಕಟ್ಟಳೆ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದೆಂಬುದು ಇದಕ್ಕೆ ಹೇಳಲ್ಪಡುವ ಮುಖ್ಯ ಕಾರಣ. ಈ ಸಂಗತಿಯನ್ನು ಒಂಬತ್ತನೆಯ ತರಗತಿಯಲ್ಲಿ ವಿವರಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರೇ, ವರುಷ ವರುಷವೂ ಬೋಟು ನಿಲ್ಲಿಸುತ್ತಾರೆ. ಆದರೂ ಹೊಳೆಯ ಸಿಗಡಿ ನಮ್ಮಜ್ಜನ ಕಾಲದಷ್ಟು ಇಲ್ಲವಂತೆ. ಮೊಟ್ಟೆ ಒಡೆದ ಮೇಲೆ ಮರಿಗಳು ಎಲ್ಲಿಗೆ ಹೋಗುತ್ತವೆ?” ಎಂದು ಕೇಳಿದಳು. ಅವಳ ತಂದೆಯವರು ಟ್ರಾಲ್‌ಬೋಟಿನಲ್ಲಿ ತಾಂಡೇಲರಾಗಿದ್ದಾರೆ.

ಪಾಠಪುಸ್ತಕದಲ್ಲಿಲ್ಲದ ಪ್ರಶ್ನೆಗೆ ಉತ್ತರ ಕೊಡುವುದು ಉಪಾಧ್ಯಾಯಿನಿಯರಿಗೆ ಯಾವಾಗಲೂ ಸುಲಭವಲ್ಲ. ಆ ದಿನ ನಾವು ಕೊಟ್ಟ ಉತ್ತರವು ಹತ್ತು ನಿಮಿಷದ್ದು. ಅದರಲ್ಲಿ ಬಿಟ್ಟುಹೋದುದೇ ಹೆಚ್ಚು. ಅದನ್ನು ತುಂಬಿಕೊಡುವುದಕ್ಕಾಗಿಯೂ, ಇದೇ ವಿಷಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಂದ ಒಂದು ಸಹಾಯವನ್ನು ಬೇಡುವುದಕ್ಕಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಾಂಡ್ಲಾ ಎಂದರೆ ಯಾವುದೆಂದು ಕರಾವಳಿಯ ಮಕ್ಕಳಿಗೆ ಹೇಳಬೇಕಾದುದಿಲ್ಲ. ಆದರೆ ಮದುವೆಯಾಗಿ ಘಟ್ಟದ ಮೇಲಕ್ಕೂ ಪರದೇಶಗಳಿಗೂ ಹೋಗಿ ನೆಲೆಸಿದವರ ಮಕ್ಕಳಿಗಾಗಿ ಎರಡು ಮಾತು ಹೇಳುವೆವು. ಹೊಳೆಯು ಕಡಲನ್ನು ಕೂಡುವ ಅಳಿವೆಯ ಒಳಭಾಗದಲ್ಲಿ, ಭರತದ ನೀರು ಏರಿ ಇಳಿಯುವ ಕೆಸರಿನ ದಂಡೆಗಳಲ್ಲಿ, ಉಪ್ಪುನೀರಿಗೆ ಅಂಜದೆ ಬೆಳೆಯುವ ಮರಗಿಡಗಳ ಗುಂಪಿಗೆ ಈ ಹೆಸರು. ಅದು ಒಂದೇ ಜಾತಿಯ ಮರವಲ್ಲ. ಊರುಗೋಲುಗಳಂತೆ ಕಾಂಡದಿಂದಲೇ ಬೇರುಗಳನ್ನು ಇಳಿಬಿಡುವ ಜಾತಿಯೊಂದು. ಕೆಸರಿನಿಂದ ಬೆರಳುಗಳಂತೆ ಮೇಲಕ್ಕೆ ಚಾಚಿದ ಬೇರುಗಳಿಂದ ಉಸಿರಾಡುವ ಜಾತಿ ಮತ್ತೊಂದು. ಮುಳ್ಳೆಲೆಯ ಹೊಳೆಚುಳ್ಳಿ ಇನ್ನೊಂದು. ಕೆಸರಿನೊಳಗೆ ಗಾಳಿಯಿಲ್ಲ; ಆದುದರಿಂದ ಬೇರುಗಳು ಹೊರಗೆ ಬಂದು ತಮ್ಮ ಮೇಲಿನ ಸಣ್ಣ ರಂಧ್ರಗಳ ಮೂಲಕ ಉಸಿರನ್ನು ಎಳೆದುಕೊಳ್ಳಬೇಕಾಗಿದೆ. ಈ ರಂಧ್ರಗಳ ಮಾತನ್ನು ಓದುವವರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು. ಬೇರಿನ ಮೂಲಕ ಒಳಗೆ ಬಂದ ಉಪ್ಪನ್ನು ಕೆಲವು ಜಾತಿಗಳು ಎಲೆಗಳಿಂದ ಹೊರಹಾಕುತ್ತವೆ. ಅಂಥ ಎಲೆಯನ್ನು ಕಿತ್ತು ನಾಲಗೆಗೆ ಮುಟ್ಟಿಸಿ ನೋಡಿದ ಹುಡುಗಿಯು ಆ ಪಾಠವನ್ನು ಮರೆಯಲಾರಳು.

ಊರುಗೋಲು ಬೇರಿನ ಮರದ ಇನ್ನೊಂದು ಗುಣವು ತಾಯಂದಿರಿಗೆ ಮೆಚ್ಚಿಕೆಯಾದೀತು. ಅದರ ಬೀಜವು ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ತಾಯಿಮರದ ಮೇಲೆ ಇರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದು, ತನ್ನ ಕಾಲ ಮೇಲೆ ನಿಲ್ಲುವಷ್ಟು ಬಲ ಬಂದ ಮೇಲೆ ಕಳಚಿಕೊಂಡು ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೆ ನೀರಿನಲ್ಲಿ ತೇಲಿ ದೂರದ ದಂಡೆಯನ್ನು ಸೇರುತ್ತದೆ. ಅಳಿವೆಯಂಥ ನಿಲುಗಡೆಯಿಲ್ಲದ ಸ್ಥಳದಲ್ಲಿ ಎಳೆಯದಕ್ಕೆ ಇಷ್ಟು ಸಿದ್ಧತೆಯಿಲ್ಲದೆ ಬದುಕು ಸಾಗದೆಂಬುದನ್ನು ಸೃಷ್ಟಿಕರ್ತನು ಬಲ್ಲನು. ಇದೇ ರೀತಿ ಮೊಳೆಯುವ ಒಂದು ಚಿಕ್ಕ ಜಾತಿಗೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ‘ಕಾಂಡೇಲಿಯ’; ನಮ್ಮ ತೀರದ ಜನರ ಬಾಯಲ್ಲಿದ್ದ ‘ಕಾಂಡೇಲ್’ ಎಂಬ ಮಾತಿನಿಂದಲೇ ಹುಟ್ಟಿದ್ದು. ಆ ಹೆಸರು ಸಸ್ಯಗ್ರಂಥದಲ್ಲಿ ನೆಲೆಯಾದದ್ದು ೧೮೩೪ರಲ್ಲಿ, ಅಂದರೆ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಬಂದಿಳಿದ ವರ್ಷದಲ್ಲಿಯೇ. ಇವೆರಡಕ್ಕೂ ಸಂಬಂಧವೇನೂ ಇಲ್ಲ. ನೆನಪಿಡಲು ಅನುಕೂಲವೆಂದು ಮಕ್ಕಳಿಗೆ ಹೇಳುತ್ತೇವೆ, ಅಷ್ಟೆ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಬಿಳಿ ಸಿಗಡಿಯು ಮೊಟ್ಟೆಯಿಡುವುದು ಕಡಲಿನಲ್ಲಿ. ಮೊಟ್ಟೆಯೊಡೆದು ಬಂದ ಮರಿಯು ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದು, ಕೆಲವು ವಾರಗಳಲ್ಲಿ ರೂಪದ ಮೇಲೆ ರೂಪ ಬದಲಿಸುತ್ತ, ಭರತದ ನೀರಿನೊಡನೆ ಅಳಿವೆಯ ಬಾಗಿಲನ್ನು ದಾಟಿ ಒಳಗೆ ಬರುತ್ತದೆ. ಅಲ್ಲಿ ತೋಡುಗಳ ಬದಿಯಲ್ಲಿ ಕಾಂಡ್ಲಾ ಬೇರುಗಳ ನಡುವೆ ಕೆಲವು ತಿಂಗಳು ಬೆಳೆದು, ತಿರುಗಿ ಕಡಲಿಗೆ ಹೋಗಿ, ಅಲ್ಲಿ ಮೊಟ್ಟೆಯಿಡುತ್ತದೆ. ಹೀಗೆ ತವರು ಒಂದು ಕಡೆ, ಶಾಲೆ ಒಂದು ಕಡೆ. ಅನೇಕ ಜಾತಿಯ ಮೀನುಗಳ ಮರಿಗಳೂ ಬಾಲ್ಯವನ್ನು ಇದೇ ಬೇರುಗಳ ಮರೆಯಲ್ಲಿ ಕಳೆಯುತ್ತವೆ. ದೊಡ್ಡ ಮೀನು ಒಳಗೆ ನುಗ್ಗಲಾರದು, ನೀರಿನ ಸೆಳೆತವೂ ಮಂದ, ಆಹಾರವಂತೂ ಯಥೇಚ್ಛ. ಉದುರಿದ ಎಲೆಯನ್ನು ಏಡಿಗಳು ಬಿಲದೊಳಗೆ ಎಳೆದುಕೊಂಡು ಹರಿಯುತ್ತವೆ. ಮಿಕ್ಕಿದ್ದು ಕೊಳೆತು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವನ್ನು ಸಿಗಡಿಮರಿ ತಿನ್ನುತ್ತದೆ. ಏಡಿಯು ತೋಡಿದ ಬಿಲವು ಮರಕ್ಕೂ ಉಪಕಾರಿ. ೧೯೯೧ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪ್ರಯೋಗದಲ್ಲಿ, ಕಾಂಡ್ಲಾ ವನದ ಕೆಲವು ತುಂಡುಗಳಿಂದ ಬಿಲ ತೋಡುವ ಏಡಿಗಳನ್ನು ತೆಗೆದುಹಾಕಲು, ಅಲ್ಲಿಯ ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ವಿಷಾಂಶ ಹೆಚ್ಚಿತು, ಮರಗಳ ಬೆಳವಣಿಗೆ ಕುಗ್ಗಿತು. ಮರವು ಏಡಿಯನ್ನು ಸಾಕುತ್ತದೆಂದು ಮಾತ್ರವೇ ತಿಳಿದಿದ್ದವರಿಗೆ ಏಡಿಯೂ ಮರವನ್ನು ಸಾಕುತ್ತದೆಂಬುದು ಹೀಗೆ ವಿದಿತವಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಎಲ್ಲಾ ಮೀನುಗಳ ಬಾಲ್ಯವೂ ಕಾಂಡ್ಲಾದಲ್ಲಿ ಕಳೆಯುವುದಿಲ್ಲ. ನಮ್ಮ ಊಟದ ಬಟ್ಟಲಿಗೆ ಹೆಚ್ಚಾಗಿ ಬರುವ ಬೂತಾಯಿಯೂ ಬಂಗುಡೆಯೂ ತೆರೆದ ಕಡಲಿನ ಮೀನುಗಳು. ಅವು ಒಂದು ವರ್ಷ ರಾಶಿಯಾಗಿ ಬಂದು ಮತ್ತೊಂದು ವರ್ಷ ಮರೆಯಾಗುವುದಕ್ಕೆ ಕಡಲಿನ ಶಾಖ, ಮಳೆ, ಗಾಳಿ, ಬಲೆ ಇವೆಲ್ಲ ಸೇರಿದ ಬೇರೆ ಕಾರಣಗಳಿವೆ. ಮೀನು ಕಡಿಮೆಯಾದ ದೋಷವನ್ನೆಲ್ಲ ಒಂದೇ ತಲೆಗೆ ಕಟ್ಟುವ ಲೇಖನಗಳನ್ನು ನಾವು ಓದಿದ್ದೇವೆ. ಅವು ಮಕ್ಕಳಿಗೆ ಕೊಡಲು ಯೋಗ್ಯವಲ್ಲ. ಆದರೆ ಸಿಗಡಿ, ಏಡಿ, ಅಳಿವೆಯ ಮೀನು ಇವುಗಳ ವಿಷಯದಲ್ಲಿ ಸಂಬಂಧವು ಸ್ಪಷ್ಟವಾಗಿದೆ. ಮೆಕ್ಸಿಕೋ ದೇಶದ ಕ್ಯಾಲಿಫೋರ್ನಿಯ ಕೊಲ್ಲಿಯಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಪರಿಶೀಲನೆಯಿಂದ, ನೀರಿನಂಚಿನ ಕಾಂಡ್ಲಾ ಎಲ್ಲಿ ಹೆಚ್ಚೋ ಅಲ್ಲಿಯ ಬಂದರುಗಳಿಗೆ ಬರುವ ಮೀನೂ ಏಡಿಯೂ ಹೆಚ್ಚು ಎಂಬುದು ಕಂಡುಬಂತು.

ಹಾಗಾದರೆ ಮೀನುಗಾರಿಕೆಯೇ ತನ್ನ ಮರಿಗಳ ಮನೆಯನ್ನು ಕೆಡಿಸುವುದು ಹೇಗೆ? ನಮ್ಮ ಅಜ್ಜಿಯಂದಿರ ಕಾಲದಲ್ಲಿ ನಾಡದೋಣಿ, ಬೀಸುಬಲೆ, ರಂಪಣಿ ಇವೇ ಮುಖ್ಯವಾಗಿದ್ದವು. ರಂಪಣಿ ಎಂದರೆ ದಡದಿಂದ ಕಡಲಿಗೆ ಬಿಟ್ಟು ಊರಿನ ಜನರೆಲ್ಲ ಸೇರಿ ದಡಕ್ಕೆ ಎಳೆಯುವ ಮಹಾಬಲೆ; ಬಂದುದನ್ನು ಪಾಲುಮಾಡಿಕೊಳ್ಳುವ ಕಟ್ಟಳೆಗಳೂ ಅದರೊಡನೆ ಇದ್ದವು. ೧೯೫೨ರಲ್ಲಿ ಕೇರಳದಲ್ಲಿ ನಾರ್ವೆ ದೇಶದ ಸಹಾಯದಿಂದ ಯಂತ್ರದ ದೋಣಿಗಳ ಯೋಜನೆಗೆ ಮೊದಲಾಯಿತು. ೧೯೬೦ರ ದಶಕದಲ್ಲಿ ಅದು ಕಾರವಾರದವರೆಗೂ ಬಂತು. ಸಿಗಡಿಗೆ ಪರದೇಶಗಳಲ್ಲಿ ಬೆಲೆಯುಂಟಾಗಲು, ಕಡಲಿನ ತಳವನ್ನು ಗೋರುವ ಟ್ರಾಲ್‌ಬಲೆಯು ವ್ಯಾಪಿಸಿತು. ೧೯೭೦ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನೇ ಸುತ್ತುಗಟ್ಟುವ ಪರ್ಸೀನ್ ಬಲೆ ಬಂದಾಗ ರಂಪಣಿಯವರಿಗೂ ಹೊಸ ದೋಣಿಯವರಿಗೂ ಜಗಳಗಳು ನಡೆದುದು ಹಿರಿಯರಿಗೆ ನೆನಪಿರಬಹುದು. ರಂಪಣಿಯು ಸೋತಿತು. ಅದರ ಹೊಗಳಿಕೆಯನ್ನು ಅತಿಯಾಗಿ ಮಾಡುವುದೂ ತರವಲ್ಲ. ಬಲೆಗೆ ಬಿದ್ದ ಮರಿಯನ್ನು ಅದೂ ಬಿಡುತ್ತಿರಲಿಲ್ಲ.

ಟ್ರಾಲ್‌ಬೋಟು ಕಾಂಡ್ಲಾದೊಳಗೆ ಬರುವುದಿಲ್ಲ. ಅದು ದೂರದ ನೀರಿನಲ್ಲಿ ಕೆಲಸ ಮಾಡತಕ್ಕದ್ದು. ಆದರೆ ಸಾವಿರ ಬೋಟುಗಳಿಗೆ ನಿಲ್ಲಲು ಬಂದರು ಬೇಕು. ಬಂದರಿಗೆ ಗಾಳಿಯ ಹೊಡೆತವಿಲ್ಲದ ಹೊಳೆಯ ದಂಡೆಯೇ ಬೇಕು. ಕಾಂಡ್ಲಾ ಬೆಳೆಯುವುದೂ ಅಲ್ಲಿಯೇ. ಧಕ್ಕೆ, ಮಂಜುಗಡ್ಡೆಯ ಕಾರ್ಖಾನೆ, ಬೋಟು ಕಟ್ಟುವ ಅಂಗಳ, ಡೀಸೆಲ್ ತುಂಬುವ ಸ್ಥಳ, ಲಾರಿ ನಿಲ್ಲುವ ಬಯಲು, ಮೀನುಹುಡಿಯ ಕಾರ್ಖಾನೆ, ಒಂದರ ಹಿಂದೆ ಒಂದು ದಂಡೆಯನ್ನು ಹಿಡಿಯುತ್ತವೆ. ಬೋಟಿನ ದಾರಿಗಾಗಿ ಹೂಳೆತ್ತುತ್ತಾರೆ. ಅಳಿವೆಯ ಬಾಯಿಗೆ ಕಲ್ಲಿನ ತಡೆಗೋಡೆ ಹಾಕುತ್ತಾರೆ. ಬಾಯಿ ತಪ್ಪಿ ದೋಣಿ ಮಗುಚಿ ಸತ್ತವರ ಮನೆಗಳನ್ನು ಕಂಡಿರುವ ನಾವು ಆ ಗೋಡೆಗಳು ಬೇಡವೆಂದು ಹೇಳಲಾರೆವು. ಆದರೆ ಅವುಗಳಿಂದ ನೀರು ಒಳಬರುವ ರೀತಿ ಬದಲಾಗುತ್ತದೆ: ಒಂದು ದಂಡೆ ಕೊರೆದುಹೋಗುತ್ತದೆ, ಇನ್ನೊಂದರಲ್ಲಿ ಹೂಳು ಕೂಡುತ್ತದೆ. ದಿನಕ್ಕೆರಡು ಬಾರಿ ನೆನೆದು ಎರಡು ಬಾರಿ ಗಾಳಿಗೆ ತೆರೆದುಕೊಳ್ಳಬೇಕಾದ ಬೇರು ಯಾವಾಗಲೂ ಮುಳುಗಿದರೂ ಸಾಯುತ್ತದೆ, ಯಾವಾಗಲೂ ಒಣಗಿದರೂ ಸಾಯುತ್ತದೆ.

ಬೋಟಿನ ತಳದಲ್ಲಿ ಕೂಡಿದ ಎಣ್ಣೆಬೆರೆತ ನೀರನ್ನು ಹೊಳೆಗೆ ಚೆಲ್ಲುವ ರೂಢಿಯುಂಟು. ಆ ಎಣ್ಣೆಯ ಪೊರೆಯು ಇಳಿತದ ಹೊತ್ತಿಗೆ ಉಸಿರುಬೇರುಗಳ ಮೇಲೆ ಕುಳಿತು, ನಾವು ಮೊದಲು ಹೇಳಿದ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ನೂಲಿನ ಬಲೆಯ ಕಾಲದಲ್ಲಿ ಹರಿದ ಬಲೆ ನೀರಿನಲ್ಲಿ ಕೊಳೆತು ಹೋಗುತ್ತಿತ್ತು; ನೈಲಾನ್ ಬಲೆ ಕೊಳೆಯುವುದಿಲ್ಲ. ಅದು ಬೇರುಗಳಿಗೆ ಸುತ್ತಿಕೊಂಡು ಎಳೆಯ ಸಸಿಗಳನ್ನು ಬಾಗಿಸಿ ಕೆಡಹುತ್ತದೆ, ಯಾರೂ ಎತ್ತದ ಬಲೆಯಲ್ಲಿ ಏಡಿಗಳು ಸಿಕ್ಕಿ ಸಾಯುತ್ತಲೇ ಇರುತ್ತವೆ. ಕಳೆದ ವರ್ಷ ನಮ್ಮ ಗೈಡ್ ಹುಡುಗಿಯರು ಶಾಲೆಯ ಹಿಂದಿನ ತೋಡಿನ ದಂಡೆಯನ್ನು ಒಂದು ಶನಿವಾರ ಶುಚಿಮಾಡಿದಾಗ ಬಲೆಯ ತುಂಡುಗಳೇ ಹನ್ನೊಂದು ಗೋಣಿಗಳಾದವು.

ಎಲ್ಲಕ್ಕಿಂತ ನೇರವಾದ ಹಾನಿಯು ತೋಡಿನ ಬಾಯಿಗೆ ಅಡ್ಡವಾಗಿ ಕಟ್ಟುವ ಸಣ್ಣ ಕಣ್ಣಿನ ಬಲೆಗಳಿಂದ. ಇಳಿತದೊಡನೆ ಹೊರಬರುವ ಮರಿಗಳೆಲ್ಲ ಅದರಲ್ಲಿ ಸಿಕ್ಕುತ್ತವೆ. ಮೊದಲು ಅಷ್ಟು ಸಣ್ಣ ಮೀನಿಗೆ ಬೆಲೆಯಿರಲಿಲ್ಲ. ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಈಗ ಮೀನುಹುಡಿಯ ಕಾರ್ಖಾನೆಯು ಎಷ್ಟೇ ಸಣ್ಣದನ್ನಾದರೂ ಕೊಳ್ಳುತ್ತದೆ. ಬಂಗಾಳದ ಸುಂದರಬನದಲ್ಲಿ ಇದರ ಇನ್ನೊಂದು ರೂಪವನ್ನು ನೋಡಬಹುದು. ಸಿಗಡಿ ಸಾಕುವ ಕೊಳಗಳಿಗೆ ಬಾಗ್ದಾ ಸಿಗಡಿಯ ಮರಿಗಳನ್ನು ಒದಗಿಸಲು ಬಡ ಹೆಂಗಸರೂ ಮಕ್ಕಳೂ ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಂತು, ಸೊಳ್ಳೆಪರದೆಯಂಥ ಬಲೆಯನ್ನು ದಂಡೆಗುಂಟ ಎಳೆಯುತ್ತ ಬಂದಿದ್ದಾರೆ. ಬೇಕಾದ ಮರಿಗಳನ್ನು ಆರಿಸಿಕೊಂಡು ಉಳಿದ ಜಾತಿಗಳ ಲೆಕ್ಕವಿಲ್ಲದಷ್ಟು ಮರಿಗಳನ್ನು ಮಣ್ಣಿನ ಮೇಲೆ ಎಸೆದುಬಿಡುವುದುಂಟು. ಹೆಜ್ಜೆ ತುಳಿದು ತುಳಿದು ದಂಡೆ ಕುಸಿಯುತ್ತದೆ, ಕಾಂಡ್ಲಾದ ಸಸಿಗಳು ಕಿತ್ತುಬರುತ್ತವೆ. ಆ ಹೆಂಗಸರನ್ನು ದೂರುವುದಕ್ಕೆ ನಮಗೆ ಬಾಯಿಲ್ಲ. ಸಿಗಡಿಯನ್ನು ತಿನ್ನುವವರು ಅವರಲ್ಲ.

ಸಿಗಡಿಯ ಕೊಳಗಳ ಮಾತು ಬಂದುದರಿಂದ ನಮ್ಮ ಕನ್ನಡ ನಾಡಿನ ಅಘನಾಶಿನಿಯ ಕಥೆಯನ್ನು ಹೇಳಬೇಕು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಅದರ ಅಳಿವೆಯ ಇಕ್ಕೆಲಗಳಲ್ಲಿ ಗಜನಿ ಎಂಬ ತಗ್ಗು ಭೂಮಿಯಿದೆ. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿಯಾದಾಗ ಅಲ್ಲಿ ಕಗ್ಗವೆಂಬ ಭತ್ತವನ್ನು ಬಿತ್ತುತ್ತಾರೆ. ಅದು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಜಾತಿ. ಕೊಯ್ಲಾದ ಮೇಲೆ ತೂಬುಗಳನ್ನು ತೆರೆದು ಭರತದ ನೀರನ್ನು ಗದ್ದೆಗೆ ಬಿಡುತ್ತಾರೆ. ಕೊಳೆಯುವ ಹುಲ್ಲನ್ನು ಆಶ್ರಯಿಸಿ ಸಿಗಡಿಯೂ ಮೀನೂ ಬೆಳೆಯುತ್ತವೆ. ಒಂದೇ ನೆಲದಿಂದ ಅಕ್ಕಿಯೂ ಮೀನೂ ದೊರೆಯುವ ಈ ಏರ್ಪಾಡು ಎಷ್ಟು ಜಾಣತನದ್ದೆಂಬುದನ್ನು ಗೃಹಿಣಿಯರಿಗೆ ಬಿಡಿಸಿ ಹೇಳಬೇಕೆ? ಗಜನಿಯ ಒಡ್ಡುಗಳು ಮಣ್ಣಿನವು. ಅವು ಅಲೆಗೆ ಕುಸಿಯದಂತೆ ಹೊರಮಗ್ಗುಲಿನ ಕಾಂಡ್ಲಾವನ್ನು ಊರವರೇ ಕಾಯುತ್ತಿದ್ದರು.

೧೯೭೦ರ ದಶಕದಲ್ಲಿ ಸರಕಾರದವರು ಸದುದ್ದೇಶದಿಂದಲೇ ಅಲ್ಲಿ ಶಾಶ್ವತವಾದ ಒಡ್ಡುಗಳನ್ನು ಕಟ್ಟಿಸಿದರು. ವರ್ಷವರ್ಷದ ದುರಸ್ತಿಯ ಕಷ್ಟ ತಪ್ಪಿತು. ಅದರೊಡನೆ ಕಾಂಡ್ಲಾವನ್ನು ಕಾಯುವ ಅಗತ್ಯವೂ ತಪ್ಪಿತು. ಒಡ್ಡಿನ ಸಾಲಿನಲ್ಲಿದ್ದ ಮರಗಳು ಹೋದವು. ತರುವಾಯ ಸಿಗಡಿಯ ಬೆಲೆಯು ಏರಲು ಗಜನಿಗಳು ಗುತ್ತಿಗೆದಾರರ ಕೈಗೆ ಬಂದವು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದುದರಿಂದ ಎಷ್ಟೋ ಕಡೆ ಕಗ್ಗದ ಬೇಸಾಯ ಬಿದ್ದುಹೋಯಿತು. ೧೯೯೪ರಿಂದೀಚೆಗೆ ಬಿಳಿಚುಕ್ಕೆಯ ರೋಗವು ದೇಶದ ತೀರಗಳಲ್ಲಿ ಹಬ್ಬಲು, ಕೊಳದ ಸಿಗಡಿಗಳು ಕೆಲವೇ ದಿನಗಳಲ್ಲಿ ಸತ್ತು ತೇಲಿದವು. ಅನೇಕರು ಸಾಲದಲ್ಲಿ ಮುಳುಗಿದರು. ಪೂರ್ವ ಕರಾವಳಿಯಲ್ಲಿ ಈ ಕೊಳಗಳಿಂದಾದ ಹಾನಿಯು ನ್ಯಾಯಾಲಯದವರೆಗೆ ಹೋಗಿ, ೧೯೯೬ನೆಯ ದಶಂಬರದಲ್ಲಿ ಸುಪ್ರೀಂ ಕೋರ್ಟು ಕಡಲತಡಿಯ ಸಿಗಡಿ ಉದ್ಯಮವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸುವ ತೀರ್ಪನ್ನು ಕೊಟ್ಟಿತು. ೨೦೦೫ರಲ್ಲಿ ಅದಕ್ಕಾಗಿಯೇ ಬೇರೆ ಕಾನೂನಾಯಿತು. ಅಘನಾಶಿನಿಯ ಅಳಿವೆಯಲ್ಲಿ ಇಂದಿಗೂ ನೂರಾರು ಕುಟುಂಬಗಳ ಹೆಂಗಸರೂ ಗಂಡಸರೂ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಜೀವಿಸುತ್ತಾರೆ. ೨೦೨೪ರಲ್ಲಿ ಈ ಅಳಿವೆಯು ರಾಮ್ಸಾರ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಗುರುತಿಸಲ್ಪಟ್ಟಿತು.

ಸಂಖ್ಯೆಗಳನ್ನು ಕೇಳುವವರಿಗಾಗಿ ಇಷ್ಟು: ಅರಣ್ಯ ಸಮೀಕ್ಷೆಯವರ ೨೦೨೧ರ ವರದಿಯಂತೆ ಭಾರತದಲ್ಲಿ ಕಾಂಡ್ಲಾ ವನವಿದ್ದುದು ೪೯೯೨ ಚದರ ಕಿಲೋಮೀಟರು, ಅದರಲ್ಲಿ ಬಂಗಾಳದ್ದು ೨೧೧೪, ಗುಜರಾತಿನದು ೧೧೭೫. ನಮ್ಮ ಕರ್ನಾಟಕದ್ದು ೧೩ ಮಾತ್ರ. ಆದರೆ ಅದಕ್ಕೂ ಎರಡು ವರ್ಷ ಹಿಂದಿನ ವರದಿಯಲ್ಲಿ ಅದು ೧೦ ಆಗಿತ್ತು. ಕುಂದಾಪುರದ ಬಳಿಯ ಪಂಚಗಂಗಾವಳಿಯಲ್ಲಿಯೂ ಉತ್ತರ ಕನ್ನಡದ ಹೊಳೆಗಳಲ್ಲಿಯೂ ಅರಣ್ಯ ಇಲಾಖೆಯವರು ನೆಡಿಸಿದ ಸಸಿಗಳು ಬದುಕಿ ನಿಂತಿರುವುದನ್ನು ನಾವೇ ನೋಡಿದ್ದೇವೆ. ನೆಡುವುದರಲ್ಲಿಯೂ ವಿವೇಕ ಬೇಕು. ಯಾವಾಗಲೂ ಬರಿಯ ಕೆಸರಾಗಿದ್ದ ಬಯಲಿನಲ್ಲಿ ಸಾಲಾಗಿ ಸಸಿ ನೆಟ್ಟರೆ ಬಳಚು ಹೆಕ್ಕುವವರ ಅನ್ನವೂ ಹಕ್ಕಿಗಳ ಮೇವೂ ಹೋಗುತ್ತದೆ, ಸಸಿಯೂ ಬದುಕುವುದಿಲ್ಲ. ಹಿಂದೆ ಕಾಂಡ್ಲಾ ಎಲ್ಲಿತ್ತೋ ಅಲ್ಲಿ, ಭರತದ ನೀರಿಗೆ ದಾರಿ ಬಿಡಿಸಿ ನೆಟ್ಟರೆ ಬದುಕುವುದು. ಅನೇಕ ಕಡೆ ದಾರಿ ಬಿಡಿಸಿದರೆ ಸಾಕು, ಬೀಜ ತಾನಾಗಿ ತೇಲಿಬರುತ್ತದೆ.

ನಮ್ಮ ತರಗತಿಯ ಮಾತುಗಳು ಮನೆಗೆ ತಲಪಿದುವು. ಆ ಹುಡುಗಿಯ ತಂದೆಯವರು ಒಂದು ಸಂಜೆ ಕಚೇರಿಗೆ ಬಂದು, ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳದೆ, “ಟೀಚರೇ, ನಮ್ಮ ಕಸುಬು ಪಾಪದ್ದೆಂದು ಮಕ್ಕಳಿಗೆ ಕಲಿಸುತ್ತೀರೋ?” ಎಂದು ಕೇಳಿದರು. ಶಿಷ್ಯರನ್ನು ಬೆಸ್ತರ ದೋಣಿಯಿಂದಲೇ ಕರೆದ ಕರ್ತನನ್ನು ನಂಬಿದ ಶಾಲೆಯಲ್ಲಿ ಹಾಗೆ ಕಲಿಸುವುದುಂಟೇ ಎಂದೆವು. ಅವರು ನಕ್ಕು ಕುಳಿತರು. ಡೀಸೆಲಿನ ಬೆಲೆ, ಬೋಟಿನ ಸಾಲ, ಮಂಜುಗಡ್ಡೆಯ ಖರ್ಚು, ಬರಿಗೈಯಲ್ಲಿ ತಿರುಗಿಬಂದ ದಿನಗಳು, ಇವುಗಳ ಲೆಕ್ಕವನ್ನು ಬೆರಳು ಮಡಿಸಿ ಹೇಳಿದರು. ಮರಿಮೀನನ್ನು ನಾನು ಬಿಟ್ಟರೆ ಹಿಂದಿನ ಬೋಟಿನವನು ಹಿಡಿಯುತ್ತಾನೆ ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಬ್ಬನು ಬಿಡುವುದಲ್ಲ, ಎಲ್ಲರೂ ಬಿಡುವಂತೆ ಕಾನೂನು ನಡೆಯಬೇಕಾದುದೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, “ನಾನು ಹುಡುಗನಾಗಿದ್ದಾಗ ಅಪ್ಪನೊಡನೆ ಬೀಸುಬಲೆ ಹಿಡಿದು ಇಲ್ಲಿಗೇ ಬರುತ್ತಿದ್ದೆ. ನಿಮ್ಮ ಆಟದ ಬಯಲು ಇರುವಲ್ಲಿ ಆಗ ಕಾಂಡ್ಲಾ ಇತ್ತಲ್ಲವೇ?” ಎಂದರು.

ಇತ್ತು. ಆ ಬಯಲಿಗೆ ಮಣ್ಣು ತುಂಬಿಸಿದ ವರ್ಷ ನಾವು ಇದೇ ಶಾಲೆಯಲ್ಲಿ ಹೊಸದಾಗಿ ಸೇರಿದ ಉಪಾಧ್ಯಾಯಿನಿಯಾಗಿದ್ದೆವು. ಹುಡುಗಿಯರಿಗೆ ಓಡಲು ಜಾಗವಾಯಿತೆಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಒಬ್ಬರು. ಮರಗಳನ್ನು ಕಡಿದವರ ಮೇಲೆ ಲೇಖನ ಬರೆಯುವಾಗ ಈ ಸಂಗತಿಯನ್ನು ಮರೆಮಾಡುವುದು ಸರಿಯಾಗದು.

ಬಯಲಿನ ಆಚೆ, ಹಾಸ್ಟೆಲಿನ ಹಿಂದೆ, ಈಗಲೂ ಒಂದು ಪಟ್ಟಿ ಕಾಂಡ್ಲಾ ಉಳಿದಿದೆ. ಅದರ ಮಗ್ಗುಲಲ್ಲಿ ಬರಿಯ ಕೆಸರಿನ ತುಂಡೊಂದಿದೆ. ಮಳೆಗಾಲದ ಎರಡು ತಿಂಗಳು ಬೋಟುಗಳನ್ನು ಎಳೆದಿಟ್ಟು ದುರಸ್ತಿ ಮಾಡಿಕೊಳ್ಳಲು ಆ ಕೆಸರಿನ ತುಂಡಿಗೆ ಮಣ್ಣು ತುಂಬಿಕೊಡಬೇಕೆಂದು ಕೆಲವು ಬೋಟಿನ ಯಜಮಾನರು ಆಡಳಿತ ಮಂಡಲಿಗೆ ಅರ್ಜಿ ಕೊಟ್ಟಿದ್ದಾರೆ. ಅವರಲ್ಲಿ ನಮ್ಮ ವಿದ್ಯಾರ್ಥಿನಿಯರ ತಂದೆಯಂದಿರೂ ಇದ್ದಾರೆ, ಶಾಲೆಯ ಕಟ್ಟಡಕ್ಕೆ ಧಾರಾಳವಾಗಿ ಕೊಟ್ಟವರೂ ಇದ್ದಾರೆ. ಮರಗಳನ್ನು ಮುಟ್ಟುವುದಿಲ್ಲವೆಂದು ಅವರು ಬರೆದುಕೊಟ್ಟಿದ್ದಾರೆ, ಆ ಮಾತನ್ನು ನಾವು ನಂಬುತ್ತೇವೆ. ಆದರೆ ಭರತದ ನೀರು ಮರಗಳ ಬುಡಕ್ಕೆ ಬರುವುದು ಆ ಕೆಸರಿನ ಮೇಲಿನಿಂದಲೇ. ೧೯೯೧ರಿಂದ ಜಾರಿಯಲ್ಲಿರುವ ಕರಾವಳಿ ನಿಯಮಗಳ ಪ್ರಕಾರವೂ ಅಂಥ ಸ್ಥಳವನ್ನು ತುಂಬಿಸುವುದು ನಮ್ಮ ಕೈಯಲ್ಲಿರುವ ಮಾತಲ್ಲವೆಂಬುದನ್ನು ಮಂಡಲಿಯ ಮುಂದೆ ಇಟ್ಟಿದ್ದೇವೆ. ಬೋಟುಗಳಿಗೆ ಜಾಗ ಬೇಕಾದುದೂ ನಿಜ. ಶಾಲೆಯ ಮುಂಭಾಗದ ರಸ್ತೆಯ ಬದಿಯ ಒಣ ನೆಲವನ್ನು ಆ ಎರಡು ತಿಂಗಳಿಗೆ ಬಿಟ್ಟುಕೊಡಬಹುದೋ ಎಂಬ ಆಲೋಚನೆ ನಡೆದಿದೆ. ಹೊಳೆಯಿಂದ ಅಲ್ಲಿಗೆ ಬೋಟನ್ನು ತರುವ ಖರ್ಚು ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಳೆಯ ವಿದ್ಯಾರ್ಥಿನಿಯರಿಂದ ಬೇಡುವ ಸಹಾಯ ಇದು. ಆಟದ ಬಯಲು ಆಗುವುದಕ್ಕೆ ಮೊದಲು ಇಲ್ಲಿ ಓದಿದವರು, ಆಗ ಕಾಂಡ್ಲಾ ಎಲ್ಲಿಯವರೆಗೆ ಇತ್ತು, ಹುಣ್ಣಿಮೆಯ ಭರತದಲ್ಲಿ ನೀರು ಯಾವ ಮೆಟ್ಟಿಲಿಗೆ ಬರುತ್ತಿತ್ತು, ತೋಡಿನ ದಾರಿ ಯಾವ ಕಡೆಯಿಂದ ಇತ್ತು ಎಂಬುದನ್ನು ನೆನಪಿದ್ದಷ್ಟು ಬರೆದು ಕಳುಹಿಸಬೇಕು. ಹಾಸ್ಟೆಲಿನ ಹಿಂದುಗಡೆ ತೆಗೆಸಿಕೊಂಡ ಭಾವಚಿತ್ರಗಳು ಯಾರಲ್ಲಾದರೂ ಇದ್ದರೆ ಅವುಗಳ ಪ್ರತಿಯನ್ನು ಶಾಲೆಯ ಕಚೇರಿಗೆ ತಲಪಿಸಬೇಕು. ಬಯಲಿನ ಪಶ್ಚಿಮದ ಮೂಲೆಯಲ್ಲಿ ಆಟಕ್ಕೆ ಉಪಯೋಗವಿಲ್ಲದ ಒಂದು ತುಂಡನ್ನು ಅಗೆದು ಮತ್ತೆ ನೀರಿಗೆ ಬಿಡುವುದು ಸಾಧ್ಯವೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿದ್ದೇವೆ. ಹಳೆಯ ಅಂಚು ತಿಳಿಯದೆ ಅವರು ಏನೂ ಹೇಳಲಾರರು. ಸದ್ಯಕ್ಕೆ ಆ ತಾಂಡೇಲರ ಮಗಳೂ ಅವಳ ಮೂವರು ಗೆಳತಿಯರೂ ಪ್ರತಿ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭರತದ ನೀರು ಎಲ್ಲಿಗೆ ಏರಿತೆಂದು ಬಿದಿರಿನ ಗೂಟ ನೆಟ್ಟು, ಹಗ್ಗದಿಂದ ಅಳೆದು, ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಆ ಹಗ್ಗವನ್ನು ಕೊಟ್ಟವರು ಅವಳ ತಂದೆಯವರು.